ಟೈಲ್ಸಿನ ಹಿಂದಿನ ನಂಬರ್

“ಹೋಯ್ತು! ಅಪ್ಪಾ, ಹೋಗೇಬಿಡ್ತು!”

ಚೂಟಿ ಕಿರುಚಿದ ರಭಸಕ್ಕೆ ಅಪ್ಪನ ಕೈಯಲ್ಲಿದ್ದ ಟೀ ಲೋಟ ತುಳುಕಿತು.

“ಏನ್ ಹೋಯ್ತೇ? ಕರೆಂಟಾ?”

“ಕರೆಂಟಲ್ಲ, ನನ್ ಚಿತ್ರ!”

ಲ್ಯಾಪ್‌ಟಾಪಿನ ತುಂಬ ಪುಟ್ಟ ಪುಟ್ಟ ಚೌಕಗಳಿದ್ದವು. ಒಂದೊಂದರಲ್ಲೂ ಎರಡು ಬಾಗಿದ ಗೆರೆ. ಯಾವ ಚೌಕ ಯಾವ ಕಡೆ ತಿರುಗಬೇಕು ಅನ್ನುವುದನ್ನು ಚೂಟಿ ಬರೆದ ಕೋಡ್ ಕಂಪ್ಯೂಟರಿಗೇ ಬಿಟ್ಟಿತ್ತು. ರನ್ ಒತ್ತಿದರೆ ಸಾಕು, ಗೆರೆಗಳೆಲ್ಲ ಒಂದಕ್ಕೊಂದು ಸೇರಿ ಬಳುಕುತ್ತಾ ಹೋಗುತ್ತಿದ್ದವು.

ಈಗಷ್ಟೇ ಎಷ್ಟು ಚಂದದ ಚಿತ್ರ ಬಂದಿತ್ತು! ಒಂದೇ ಗೆರೆ ಪರದೆಯನ್ನೆಲ್ಲ ಸುತ್ತಾಡಿ ಮೂಲೆಯಿಂದ ಮೂಲೆಗೆ ಹೋಗಿತ್ತು. ಖುಷಿ ತಡೆಯಲಾರದೆ ಚೂಟಿ ಇನ್ನೊಮ್ಮೆ ರನ್ ಒತ್ತಿದಳು. ಅಷ್ಟೇ, ಬೇರೆ ಚಿತ್ರ ಬಂತು. ಮತ್ತೆ ಒತ್ತಿದರೆ ಮತ್ತೊಂದು. ನಾಳೆ ಸ್ಕೂಲಿನಲ್ಲಿ ಮಿಸ್ ಎಲ್ಲರ ಎದುರು ಕೋಡ್ ರನ್ ಮಾಡಿಸುತ್ತಾರೆ. ಆಗ ಯಾವುದು ಬರುತ್ತೋ ಯಾರಿಗೆ ಗೊತ್ತು?

ಅಪ್ಪ ಪಕ್ಕಕ್ಕೆ ಬಂದು ಇಣುಕಿದರು. “ಏನಾಯ್ತು, ತೋರ್ಸು.”

“ನಿಂಗೇನ್ ಗೊತ್ತಾಗುತ್ತೆ ಬಿಡಪ್ಪ! ಇದು ಟೈಲ್ಸ್ ಅಲ್ಲ!”

ಅಪ್ಪ ಟೀ ಲೋಟ ಕೆಳಗಿಟ್ಟರು. ದಿನವಿಡೀ ಮಂಡಿಯೂರಿ ಟೈಲ್ಸ್ ಹಾಕಿ ಈಗಷ್ಟೇ ಬಂದಿದ್ದರು. ಉಗುರಿನಲ್ಲಿ ಇನ್ನೂ ಸಿಮೆಂಟಿತ್ತು. ಅದು ಚೂಟಿಗೆ ಕಂಡಿತು. ಆದರೆ ‘ಸಾರಿ’ ಬಾಯಿಗೆ ಬರಲಿಲ್ಲ.

ಅಪ್ಪ ಪರದೆಯನ್ನೇ ನೋಡುತ್ತಿದ್ದರು. “ಟೈಲ್ಸೇ ಅಲ್ವೇನೇ ಇದು?”

ಚೂಟಿ ನೋಡಿದಳು. ಹೌದಲ್ಲ!

“ಗೆರೆ ಇರೋ ಟೈಲ್ಸ್ ಬಂದ್ರೆ ನಾವು ಮೊದ್ಲೇ ಸಿಮೆಂಟ್ ಹಾಕಲ್ಲ ಪುಟ್ಟಾ,” ಅಂದರು ಅಪ್ಪ. “ಸುಮ್ನೆ ಜೋಡಿಸಿ, ತಿರುಗಿಸಿ ತಿರುಗಿಸಿ ನೋಡ್ತೀವಿ. ಚೆನ್ನಾಗ್ ಕಂಡ್ರೆ ಒಂದೊಂದರ ಹಿಂದೇನೂ ಪೆನ್ಸಿಲಲ್ಲಿ ನಂಬರ್ ಬರೀತೀವಿ. ಆಮೇಲೆ ಎತ್ತಿ, ಸಿಮೆಂಟ್ ಹಾಕಿ, ನಂಬರ್ ನೋಡ್ಕೊಂಡು ಕೂರಿಸೋದು. ನಿಮ್ ಸ್ಕೂಲ್ ವರಾಂಡಾನೂ ನಾವು ಹಾಗೇ ಮಾಡಿದ್ದು. ನಿನ್ ಕಂಪ್ಯೂಟರಿಗೆ ನಂಬರ್ ಇಲ್ವಾ?”

ಚೂಟಿ ಕುಳಿತಲ್ಲೇ ನೆಟ್ಟಗಾದಳು. ನಂಬರ್! ಮಿಸ್ ಹೇಳಿದ್ದರು. ಮೊದಲೇ ಒಂದು ನಂಬರ್ ಕೊಟ್ಟರೆ, ಆ ನಂಬರಿಗೆ ಪ್ರತಿ ಸಲವೂ ಅದೇ ಚಿತ್ರ ಬರುತ್ತದೆ ಅಂತ. ಮಿಸ್ ಅದನ್ನು ಹೇಳುವಾಗ ಚೂಟಿ ಗೆಳತಿಯ ನೋಟ್‌ಬುಕ್ಕಿನಲ್ಲಿದ್ದ ರಾಜಕುಮಾರಿಗೆ ಮೀಸೆ ಬರೆಯುತ್ತಿದ್ದಳು.

ಕೋಡಿನಲ್ಲಿ ಒಂದು ಸಾಲು ಸೇರಿಸಿದಳು. ಅಪ್ಪ, ಮಗಳು ಒಂದೊಂದೇ ನಂಬರ್ ಹಾಕಿ ನೋಡಿದರು. ಒಂದು, ಎರಡು, ಮೂರು... ಹಳೆಯ ಚಿತ್ರ ಬರಲೇ ಇಲ್ಲ.

“ನಂಬರ್ ಹಾಕ್ದೆ ಎತ್ತಿದ್ದನ್ನ ಮತ್ತೆ ಹಾಗೇ ಜೋಡ್ಸೋಕಾಗಲ್ಲ, ಬಿಡು,” ಅಂದರು ಅಪ್ಪ.

ಇಪ್ಪತ್ತಾರಕ್ಕೆ ಅವರ ಬೆರಳು ಪರದೆಯ ಮೇಲೆ ನಿಂತಿತು. “ತಡಿ! ಇದನ್ನ ನೋಡು. ಈ ಗೆರೆ ಇಲ್ಲಿಂದ ಹೊರಟು, ಊರೆಲ್ಲಾ ತಿರುಗಿ, ಇಲ್ಲಿಗೇ ಬಂತು.”

ಚೂಟಿ ಇನ್ನೊಮ್ಮೆ ರನ್ ಒತ್ತಿದಳು. ಅದೇ ಚಿತ್ರ. ಮತ್ತೆ ಒತ್ತಿದಳು. ಅದೇ!

“ಅಪ್ಪಾ, ಆಗ ನಾನು ಹಾಗಂದಿದ್ದು...”

“ಇಪ್ಪತ್ತಾರು. ಮೊದ್ಲು ಬರ್ಕೋ,” ಅನ್ನುತ್ತಾ ಅಪ್ಪ ಜೇಬಿನಿಂದ ತಮ್ಮ ಮೋಟು ಪೆನ್ಸಿಲ್ ಕೊಟ್ಟರು.

ಮರುದಿನ ಬೆಲ್ ಹೊಡೆದಾಗ ಎಲ್ಲರೂ ವರಾಂಡಾದಲ್ಲಿ ದಡದಡ ಓಡಿದರು. ಚೂಟಿ ಮಾತ್ರ ನಿಂತುಬಿಟ್ಟಳು. ನಾಲ್ಕು ವರ್ಷದಿಂದ ಇದೇ ನೆಲದ ಮೇಲೆ ಓಡಾಡಿದ್ದಳು. ಒಂದೊಂದು ಟೈಲ್ಸಿನ ಕೆಳಗೂ ಅಪ್ಪನ ಸೊಟ್ಟ ಅಕ್ಷರದಲ್ಲಿ ಒಂದೊಂದು ನಂಬರ್ ಇತ್ತು. ಅದು ಯಾರಿಗೂ ಕಾಣುತ್ತಿರಲಿಲ್ಲ.

“ಬಾರೇ, ಲ್ಯಾಬಲ್ಲಿ ಮಿಸ್ ಕಾಯ್ತಿದ್ದಾರೆ!” ಗೆಳತಿ ಕೂಗಿದಳು.

“ಬಂದೆ,” ಅಂದಳು ಚೂಟಿ. ಆದರೆ ಓಡಲಿಲ್ಲ. ಮೆಲ್ಲನೆ ಹೆಜ್ಜೆಯಿಡುತ್ತಾ ಹೋದಳು.