ಕಹಿ ಇಲ್ಲದ ಗುಳಿಗೆ

ಚಾಕುವಿನ ಮೊನೆ ನನ್ನ ಹೊಕ್ಕುಳಿಗೆ ತಾಗಿತ್ತು.

ಹೊರಗೆ ಕುರುಗೋಡಿನ ಮಟಮಟ ಮಧ್ಯಾಹ್ನ. ಒಳಗೆ, ನಿಂತುಹೋದ ಅಕ್ಕಿ ಗಿರಣಿಯೊಂದರ ಕತ್ತಲು.

"ಡಬ್ಬಿ ತಗೀಲೇ ಕಾಂಪೌಂಡರ್!"

ಚಾಕು ಹಿಡಿದವನು ಎರ್ರಿಸ್ವಾಮಿ. ಬಳ್ಳಾರಿಯ ಔಷಧಿ ಏಜೆಂಟ್ ಗವಿಸಿದ್ದಪ್ಪನ ಬಂಟ.

"ಕಾಂಪೌಂಡರ್ ಅಲ್ಲ, ಫಾರ್ಮಸಿಸ್ಟ್," ಎಂದೆ.

ಚಾಕು ಒಂದು ನೂಲು ಒಳಗೆ ಬಂತು. ಅಂಗಿ ಹರಿಯಿತು.

ಸಾಯುವ ಹೊತ್ತಿನಲ್ಲೂ ಇದೊಂದು ಹಟ ನನಗೆ! ನಾನು ಜಡೆಪ್ಪ. ಸಿರುಗುಪ್ಪದ ಬಸ್ ಸ್ಟ್ಯಾಂಡ್ ಎದುರು ಔಷಧಿ ಅಂಗಡಿ ಇಟ್ಟವನು. ಡಿಪ್ಲೊಮಾ ಮಾಡಿ, ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ್ದೇನೆ. ಅದಕ್ಕೂ ಮೊದಲು ಇದೇ ಕುರುಗೋಡಿನ ಗರಡಿಯಲ್ಲಿ ಆರು ವರ್ಷ ಮಣ್ಣು ಮೆತ್ತಿಕೊಂಡವನು. ಆದರೂ ಊರಿಗೆ ನಾನು ಕಾಂಪೌಂಡರ್. ಚೀಟಿ ನೋಡು, ಗುಳಿಗೆ ಕೊಡು, ಬಾಯಿ ಮುಚ್ಚು!

ಆ ದಿನ ಬೆಳಿಗ್ಗೆಯವರೆಗೂ ಬಾಯಿ ಮುಚ್ಚಿಕೊಂಡೇ ಇದ್ದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ಬೆಳಿಗ್ಗೆ ಎಂಟಕ್ಕೆ ರಾರಾವಿಯಿಂದ ಪಾರಮ್ಮ ಬಂದಿದ್ದಳು. ಭತ್ತದ ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಗಳು. ಅವಳ ಒಂಬತ್ತು ವರ್ಷದ ಮಗಳು ಚನ್ನಬಸಮ್ಮನಿಗೆ ಟೈಫಾಯ್ಡ್.

"ಜಡೆಪ್ಪಣ್ಣಾ, ಆರು ದಿನ ಆತು. ಜ್ವರ ಇಳೀವಲ್ದು. ಇನ್ನಷ್ಟು ಗುಳಿಗಿ ಕೊಡು."

"ತಪ್ಪದಂಗ ಕೊಟ್ಟೀಯಿಲ್ಲೋ?"

"ಹೊತ್ತೊತ್ತಿಗೆ ಕೊಟ್ಟೀನಪ್ಪ. ಅಕಿಗೆ ನುಂಗಾಕ ಬರಂಗಿಲ್ಲ. ಬಿಚ್ಚಿ, ಪುಡಿ ನಾಲಿಗಿ ಮ್ಯಾಲ ಹಾಕ್ತೀನಿ. ಜಾಣಿ ಐತಿ ಕೂಸು! ಒಂದೀಟೂ ಮಾರಿ ಕಿವುಚಂಗಿಲ್ಲ."

ಅವಳ ಮುಖದಲ್ಲಿ ಹೆಮ್ಮೆ.

ಮುಖ ಕಿವುಚಲಿಲ್ಲವೇ?! ಟೈಫಾಯ್ಡಿಗೆ ಕೊಡುವ ಕ್ಲೋರಾಂಫೆನಿಕಾಲ್ ಪುಡಿ ನಾಲಿಗೆಗೆ ತಾಗಿದರೆ ಪೈಲ್ವಾನನೂ ವಾಂತಿ ಮಾಡಬೇಕು. ಅಷ್ಟು ಕಹಿ. ಅದಕ್ಕೇ ಅದನ್ನು ಕ್ಯಾಪ್ಸೂಲಿನಲ್ಲಿ ತುಂಬುವುದು.

ಅವಳಿಗೆ ಕೊಟ್ಟಿದ್ದ ಡಬ್ಬಿಯಿಂದಲೇ ಒಂದು ತೆಗೆದೆ. ಬಿಚ್ಚಿದೆ. ನೆಕ್ಕಿದೆ.

ಅಕ್ಕಿ ಹಿಟ್ಟು!

ಆರು ದಿನ ನನ್ನ ಕೈಯಾರೆ ಆ ಕೂಸಿಗೆ ಹಿಟ್ಟು ಕಟ್ಟಿಕೊಟ್ಟಿದ್ದೆ. ಹೇಗೆ ನುಂಗುತ್ತಾಳೆ, ಜ್ವರ ಎಷ್ಟಿದೆ... ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ಎರಡನೇ ದಿನವೇ ಗೊತ್ತಾಗುತ್ತಿತ್ತು. ಥೂ ನನ್ನ ಜನ್ಮಕ್ಕಿಷ್ಟು!

ಎದುರುಗಡೆಯ ಡಾಕ್ಟರ ಬಳಿ ಓಡಿ ವಿಷಯ ಹೇಳಿದೆ. ಚೀಟಿ ಬರೆದವರು ಅವರೇ.

"ಇವತ್ತು ಅಸಲಿ ಔಷಧಿ ಬೀಳಲಿಲ್ಲಂದ್ರ ಕರುಳು ತೂತು ಬೀಳ್ತೈತಿ," ಅಂದರು. "ಬಳ್ಳಾರಿಗೆ ಒಯ್ಯಾಕೂ ಆಗಂಗಿಲ್ಲ. ಬಸ್ಸಿನ ಕುಲುಕಾಟಕ್ಕೇ ಹೋಗಿಬಿಡ್ತಾಳ."

"ಗವಿಸಿದ್ದಪ್ಪನ ಮಾಲು ಖೊಟ್ಟಿ ಐತ್ರಿ. ನೀವೊಂದು ಕಾಗದ ಬರದು ಕೊಡ್ರಿ, ಪೊಲೀಸರಿಗೆ ತೋರಸ್ತೀನಿ."

ಡಾಕ್ಟರು ಕೈಗಡಿಯಾರ ನೋಡಿಕೊಂಡರು. ಗವಿಸಿದ್ದಪ್ಪ ದೀಪಾವಳಿಗೆ ಕೊಟ್ಟ ಗಡಿಯಾರ.

"ನೀ ಕಾಂಪೌಂಡರ್ ಅದೀ ಜಡೆಪ್ಪ. ಕಾಂಪೌಂಡರ್ ಆಗೇ ಇರು."

ಅವರ ಮೇಜಿನ ಮೇಲೆ ಉಗುಳಬೇಕೆನಿಸಿತು. ಹೊತ್ತಿರಲಿಲ್ಲ.

ಪಾರಮ್ಮನಿಗೆ ಎರಡೇ ಮಾತು ಹೇಳಿದೆ. "ಮನಿಗೆ ನಡಿ. ಉಳಿದ ಗುಳಿಗಿ ಚೆಲ್ಲಬ್ಯಾಡ."

ಸಿರುಗುಪ್ಪದ ಅಂಗಡಿಗಳಿಗೆಲ್ಲ ಗವಿಸಿದ್ದಪ್ಪನದೇ ಮಾಲು. ಅವನ ಗೋಡೌನ್ ಕುರುಗೋಡಿನ ಈ ಹಳೇ ಗಿರಣಿ. ಅಸಲಿ ಔಷಧಿ ಇದ್ದರೂ ಇಲ್ಲೇ ಇರಬೇಕು. ರಾಜದೂತ್ ಬೈಕ್ ಹತ್ತಿದವನು ಇಲ್ಲಿಗೇ ಬಂದು ಇಳಿದೆ. ಹಿಂದಿನ ಕಿಟಕಿ ಮುರಿದು ಒಳಗೆ ನುಗ್ಗಿದೆ.

ಗೋಣಿಚೀಲದ ತುಂಬ ಹಿಟ್ಟು. ಹಿಟ್ಟಿನೊಳಗೆ ಇಲಿ ಹಿಕ್ಕೆ! ಜರಡಿಯಲ್ಲಿ ಖಾಲಿ ಕ್ಯಾಪ್ಸೂಲುಗಳ ರಾಶಿ. ಗೋಡೆಗೆ ಎರಡು ಕಪಾಟು. ಎರಡರಲ್ಲೂ ಒಂದೇ ಬಣ್ಣದ, ಒಂದೇ ಲೇಬಲ್ಲಿನ ಡಬ್ಬಿಗಳು. ಒಂದು ಕಪಾಟಿನ ಮೇಲೆ ಸೀಮೆಸುಣ್ಣದಲ್ಲಿ 'ಪ್ಯಾಟಿ' ಅಂತ ಬರೆದಿತ್ತು. ಇನ್ನೊಂದರ ಮೇಲೆ 'ಹಳ್ಳಿ'.

ಇಲಿ ಹಿಕ್ಕೆಗಿಂತ ಆ ಅಕ್ಷರಗಳೇ ಹೆಚ್ಚು ಹೊಲಸು ಕಂಡವು. ಎಷ್ಟು ದುಂಡಗೆ ಬರೆದಿದ್ದ ಬೋಳಿಮಗ!

'ಪ್ಯಾಟಿ' ಡಬ್ಬಿಯೊಂದನ್ನು ತೆರೆದು ನೆಕ್ಕಿದೆ. ಕಹಿ! ಗಂಟಲು ಕಿತ್ತುಬರುವಂಥ ಕಹಿ! ಅಷ್ಟು ಸಂತೋಷ ನನಗೆ ಯಾವ ಸಿಹಿ ತಿಂದಾಗಲೂ ಆಗಿಲ್ಲ. ಡಬ್ಬಿಯನ್ನು ಅಂಗಿಯೊಳಗೆ ಸೇರಿಸಿದೆ.

ತಿರುಗಿದರೆ ಚಾಕು.

"ಕೊನೀ ಸಲ ಕೇಳಾಕತ್ತೀನಿ. ಡಬ್ಬಿ!"

"ಕೊಡ್ತೀನಿ ಮಾರಾಯ. ಅವಸರ ಯಾಕ?"

ಬಗ್ಗಿದೆ. ಕೈಗೆ ಸಿಕ್ಕಷ್ಟು ಹಿಟ್ಟು ಬಾಚಿ ಅವನ ಕಣ್ಣಿಗೆ ಎರಚಿದೆ!

"ಅಯ್ಯಯ್ಯೋ!"

ಗರಡಿಯ ಪಟ್ಟು ಮರೆತಿರಲಿಲ್ಲ. ಸೊಂಟಕ್ಕೆ ಕೈ ಹಾಕಿ ಎತ್ತಿ ಒಗೆದೆ. ಹಿಟ್ಟಿನ ಚೀಲದೊಳಗೆ ತಲೆಕೆಳಗಾಗಿ ಬಿದ್ದ. ಮಾಲಿನ ರುಚಿ ಅವನಿಗೂ ಸಿಕ್ಕಿರಬೇಕು.

ಬಾಗಿಲಲ್ಲೇ ಗವಿಸಿದ್ದಪ್ಪನ ಅಂಬಾಸಿಡರ್ ಬಂದು ನಿಂತಿತು. ನಾನು ಹಿಂದಿನ ಕಿಟಕಿಯಿಂದ ಜಿಗಿದು ರಾಜದೂತ್ ಹಾರಿಸಿದೆ.

ಬೆನ್ನಿಗೆ ಹಾರ್ನು! ಕನ್ನಡಿಯಲ್ಲಿ ಬಿಳಿ ಕಾರು ದೊಡ್ಡದಾಗುತ್ತ ಬಂತು. ಒಮ್ಮೆ ಹಿಂದಿನ ಗಾಲಿಗೆ ಒರಸಿಯೇಬಿಟ್ಟಿತು. ಗಾಡಿ ಓಲಾಡಿತು... ಬೀಳಲಿಲ್ಲ. ಕಾಲುವೆ ಕಂಡಿತು. ಸರಕ್ಕನೆ ಏರಿಯ ಮೇಲೆ ತಿರುಗಿಸಿದೆ. ಎತ್ತಿನ ಬಂಡಿಗೂ ಸಾಲದ ದಾರಿ. ಕಾರು ಕೆಳಗೇ ನಿಂತು ಬೈಯತೊಡಗಿತು.

ರಾರಾವಿ ಮುಟ್ಟಿದಾಗ ನಾಲ್ಕು ಗಂಟೆ. ಪಾರಮ್ಮ ಅಂಗಳದಲ್ಲೇ ನಿಂತಿದ್ದಳು. ಡಬ್ಬಿ ಅವಳ ಕೈಗಿಟ್ಟೆ.

"ಈಗ ಒಂದು ಹಾಕು. ಕಕ್ಕಿದ್ರ ಇನ್ನೊಂದು ಹಾಕು. ಬಾಳೆಹಣ್ಣಿನಾಗ ಹುದುಗಿಸಿ ಕೊಡು. ಹಳೇವು ಇಲ್ಲಿ ಕೊಡು."

ಹಳೇ ಪೊಟ್ಟಣ ತಂದುಕೊಟ್ಟು ಅವಳು ಒಳಗೆ ಹೋದಳು, ಅಂಬಾಸಿಡರ್ ಬಂತು. ಗವಿಸಿದ್ದಪ್ಪ ಇಳಿದ. ಬಿಳಿ ಪಂಚೆ, ಬೆರಳ ತುಂಬ ಉಂಗುರ. ಅವನ ಹಿಂದೆ ಸಬ್ ಇನ್ಸ್‌ಪೆಕ್ಟರ್ ವೆಂಕಟೇಶ. ದಾರಿಯಲ್ಲಿ ಸಿರುಗುಪ್ಪ ಸ್ಟೇಷನ್ನಿನಲ್ಲಿ ಕಳವಿನ ದೂರು ಕೊಟ್ಟು ಕರೆತಂದಿದ್ದ. ನಾನು ಎಲ್ಲಿಗೆ ಹೋಗುತ್ತೇನೆಂದು ಡಾಕ್ಟರೇ ಹೇಳಿರಬೇಕು.

"ಇವನೇ ನೋಡ್ರಿ ಸಾಹೇಬ್ರ! ನನ್ನ ಗೋಡೌನ್ ಒಡದು ಮಾಲು ಕದ್ದಾನ."

"ಏನಪ್ಪಾ ಜಡೆಪ್ಪ, ಕದ್ದೀಯೇನು?"

"ಕದ್ದೀನ್ರಿ. ಒಂದು ಡಬ್ಬಿ. ಬೇಡಿ ಹಾಕ್ರಿ. ಅದಕ್ಕಿಂತ ಮೊದಲು ಗವಿಸಿದ್ದಪ್ಪನವರು ತಮ್ಮ ಮಾಲಿನ ರುಚಿ ಹೇಳ್ಲಿ."

ಪಾರಮ್ಮ ಕೊಟ್ಟ ಹಳೇ ಪೊಟ್ಟಣದಿಂದ ಒಂದು ಕ್ಯಾಪ್ಸೂಲ್ ಬಿಚ್ಚಿದೆ. ಅರ್ಧ ಪುಡಿಯನ್ನು ಅವನ ಅಂಗೈಗೆ ಸುರಿದೆ. ಮಿಕ್ಕ ಅರ್ಧ ನನ್ನ ಬೆರಳ ನಡುವೆ ಉಳಿಯಿತು.

ಗವಿಸಿದ್ದಪ್ಪ ನನ್ನ ಮುಖ ನೋಡಿದ. ಸಾಹೇಬರ ಮುಖ ನೋಡಿದ. ಅಂಗಳದ ತುಂಬ ಜನ ಸೇರಿದ್ದರು. ನೆಕ್ಕಿದ.

ಅಬ್ಬಾ, ಏನು ನಟನೆ! ಕಣ್ಣು ಮುಚ್ಚಿದ, ಮೂಗು ಮುರಿದ, ಥೂ ಥೂ ಅಂತ ಮೂರು ಸಲ ಉಗುಳಿದ.

"ವಿಷದಂಗ ಕಹಿ ಐತ್ರಿ ಸಾಹೇಬ್ರ! ಅಸಲಿ ಮಾಲಂದ್ರ ಹಿಂಗಾ ಇರ್ತೈತಿ. ಈ ಕಾಂಪೌಂಡರಗೇನು ಗೊತ್ತು?"

ಉಳಿದ ಅರ್ಧವನ್ನು ವೆಂಕಟೇಶ ಸಾಹೇಬರ ಮುಂದೆ ಹಿಡಿದೆ. "ಈಗ ನೀವು ನೋಡ್ರಿ."

ಸಾಹೇಬರು ನೆಕ್ಕಿದರು. ಮತ್ತೊಮ್ಮೆ ನೆಕ್ಕಿದರು.

"ರೊಟ್ಟಿ ಹಿಟ್ಟು ಇದ್ದಂಗ ಐತಲ್ಲೋ!"

"ಹಿಟ್ಟೇ ಐತ್ರಿ. ಕಹಿ ಇರಬೇಕಾಗಿತ್ತು ಅಂತ ನಾ ಹೇಳಿದ್ದಿಲ್ಲ. ಗೊತ್ತಿದ್ದಕ್ಕ ಅವರು ಸುಳ್ಳು ಮಾರಿ ಕಿವುಚಿದ್ರು."

ಗವಿಸಿದ್ದಪ್ಪ ಕಾರಿನತ್ತ ತಿರುಗಿದ, ಸಾಹೇಬರು ರಟ್ಟೆ ಹಿಡಿದು ನಿಲ್ಲಿಸಿದರು. ಅವನ ತುಟಿಯ ಮೇಲೆ ಇನ್ನೂ ಬಿಳಿ ಪುಡಿ.

ಅಷ್ಟರಲ್ಲಿ ಒಳಗಿಂದ ಒಂದು ಕಿರುಚಾಟ!

"ಥೂ, ಕಹಿ! ಯವ್ವಾ, ಒಲ್ಲೆ! ಕಹಿ ಐತಿ!"

ಕೂಸು ಹೋ ಅಂತ ಅಳತೊಡಗಿತು. ಪಾರಮ್ಮ ಹೆದರಿ ಹೊರಗೆ ಓಡಿಬಂದಳು. ನಾನು ಗೋಡೆಗೆ ಆತು ಕುಳಿತುಬಿಟ್ಟೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳೇಕೆ ಹೇಳಲಿ?

"ಅಳಲಿ ಬಿಡಬೇ," ಎಂದೆ. "ಇವತ್ತು ಅಳಬೇಕು ಅಕಿ."

ಐದನೇ ದಿನ ಚನ್ನಬಸಮ್ಮನ ಜ್ವರ ಇಳಿಯಿತು. ನನ್ನನ್ನು ಕಂಡರೆ ಇಂದಿಗೂ ಬಾಯಿ ಮುಚ್ಚಿಕೊಂಡು ಓಡುತ್ತಾಳೆ.

ಗವಿಸಿದ್ದಪ್ಪ? ಮೂರು ವಾರಕ್ಕೆ ಜಾಮೀನು! ಈಗ ಅದೇ ಧಂದೆ ಹೆಂಡತಿಯ ಹೆಸರಿನಲ್ಲಿ. ಡಾಕ್ಟರ ಕೈಗೆ ಹೊಸ ಗಡಿಯಾರ ಬಂದಿದೆ. ಕೇಳಿದರೆ ಮೈ ಉರಿಯುತ್ತದೆ, ಅಲ್ಲವೇ? ನನಗೂ ಉರಿಯುತ್ತದೆ.

ಆಮೇಲೆ ನಾನು ಬಾಯಿ ಮುಚ್ಚಲಿಲ್ಲ. ಹೇಗೆ ನುಂಗಿದಿ, ಉಂಡ ಮೇಲೋ ಮೊದಲೋ, ಎಷ್ಟು ದಿನ, ರುಚಿ ಹೇಗಿತ್ತು... ಎಲ್ಲ ಕೇಳುತ್ತೇನೆ. ಎರಡು ದಿನ ಬಾರದವರ ಮನೆಗೆ ನಾನೇ ಹೋಗುತ್ತೇನೆ. "ಈ ಕಾಂಪೌಂಡರ್ ತಲಿ ತಿಂತಾನಪ್ಪ" ಅಂತ ಜನ ಗೊಣಗುತ್ತಾರೆ. ಗೊಣಗಲಿ.

ಕ್ಲೋರಾಂಫೆನಿಕಾಲಿನ ಹೊಸ ಡಬ್ಬಿ ಬಂದಾಗಲೆಲ್ಲ ಮೊದಲನೆಯ ಕ್ಯಾಪ್ಸೂಲು ನನ್ನ ನಾಲಿಗೆಗೆ. ಬಾಯಿ ಕಹಿಯಾದರೆ ಮಾರುತ್ತೇನೆ. ಆಗದಿದ್ದರೆ... ರಾಜದೂತ್ ಇನ್ನೂ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ!