ಏಳನೆಯ ಗೀರು

"ಇಳೀರಿ ಕೆಳಗೆ!"

"ಇಳಿಯಲ್ಲ!"

"ರೀ, ಇದು ಮೆರವಣಿಗೆ! ಬಾಡಿಗೆ ಗಾಡಿ ಅಂದ್ಕೊಂಡ್ರಾ?"

"ಗೊತ್ತು. ಇದು... ಇದು ನಮ್ಮಪ್ಪನ ಕಾರು!"

ಸ್ಟಿಯರಿಂಗ್ ಹಿಡಿದು ಕುಳಿತಿದ್ದವನು ಹಿಂದಿನ ಸೀಟಿಗೆ ನುಗ್ಗಿದ್ದ ಹುಡುಗಿಯತ್ತ ತಿರುಗಿ ನೋಡಿ ಹಾಗೇ ಬಾಯಿ ಬಿಟ್ಟುಕೊಂಡು ಉಳಿದ. ಹಿಂದೆ ಸಾಲಾಗಿ ನಿಂತಿದ್ದ ಹಳೆಯ ಕಾರುಗಳೆಲ್ಲ ಒಂದೊಂದು ರಾಗದಲ್ಲಿ ಹಾರ್ನ್ ಹೊಡೆಯತೊಡಗಿದವು. ರಸ್ತೆಯ ಎರಡೂ ಬದಿಯ ಜನ ಇದೂ ಕಾರ್ಯಕ್ರಮದ ಭಾಗವೇ ಇರಬೇಕೆಂದು ಚಪ್ಪಾಳೆ ತಟ್ಟಿದರು!

ಎರಡು ನಿಮಿಷದ ಹಿಂದೆ ಅವಳು ಫುಟ್‌ಪಾತಿನ ಮೇಲಿದ್ದಳು. ವಿಂಟೇಜ್ ಕಾರುಗಳ ಮೆರವಣಿಗೆಗೆಂದು ರಸ್ತೆ ಬಂದ್ ಮಾಡಿದ್ದರಿಂದ, ಅವಳು ಕೆಲಸ ಮಾಡುವ ಸೀಟು ಹೊಲಿಯುವ ಅಂಗಡಿಗೆ ಅಂದು ಗಿರಾಕಿಗಳೇ ಇರಲಿಲ್ಲ. ಸುಮ್ಮನೆ ನೋಡಿಕೊಂಡು ಹೋಗೋಣವೆಂದು ಬಂದವಳು. ಆಗ ಆ ಹಸಿರು ಕಾರು ಬಂತು. ಬಣ್ಣ ಬೇರೆಯಾಗಿತ್ತು. ಅಪ್ಪನ ಕಾಲದಲ್ಲಿ ಅದು ಹಾಲಿನ ಕೆನೆಯ ಬಣ್ಣದ್ದು. ಆದರೆ ನಂಬರ್ ಪ್ಲೇಟು? ಮಗ್ಗಿ ಮರೆತರೂ ಆ ನಾಲ್ಕು ಅಂಕಿ ಅವಳು ಮರೆತವಳಲ್ಲ.

ಕಾಲು ತಾನಾಗಿಯೇ ಓಡಿತ್ತು. ಹಿಂದಿನ ಎಡ ಬಾಗಿಲ ಹಿಡಿಯನ್ನು ಮೇಲಕ್ಕೆತ್ತಿ, ಕೆಳಗೆ ಮೊಣಕಾಲಿನಿಂದ ಒಂದು ಗುದ್ದು ಗುದ್ದಿ ಎಳೆದಳು. ಟಕ್! ಬಾಗಿಲು ತೆರೆದುಕೊಂಡಿತು.

"ಒಂದ್ನಿಮಿಷ..." ಅವನ ಕೋಪ ಎಲ್ಲೋ ಹೋಗಿತ್ತು. "ಆ ಬಾಗಿಲು ಹೇಗೆ ತೆಗೆದ್ರಿ? ಮೂರು ವರ್ಷದಿಂದ ಹೊರಗಡೆಯಿಂದ ನನ್ನ ಕೈಲಿ ಒಂದ್ಸಲಾನೂ ಆಗಿಲ್ಲ!"

"ಅಪ್ಪ ಹೇಳ್ಕೊಟ್ಟಿದ್ದು," ಎಂದವಳೇ ಅವಳು ಅತ್ತುಬಿಟ್ಟಳು.

ಅವನು ಮುಂದಕ್ಕೆ ತಿರುಗಿದ. ಗೇರ್ ಹಾಕಿದ. ಹೊರಗೆ ಜನ ಕೈಬೀಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳುತ್ತಾ ಒಂದು ಕೈಯಿಂದ ಸೀಟಿನ ಪಕ್ಕದಲ್ಲಿ ಕಾರಿನ ಚಾವಣಿಯನ್ನು ಹೊತ್ತ ಕಂಬವನ್ನು ಸವರುತ್ತಿದ್ದಳು. ಅದರ ಮೇಲೆ ಈಗ ಹೊಸ ಬಟ್ಟೆಯ ಹೊದಿಕೆ ಬಂದಿತ್ತು.

'ಇದರ ಕೆಳಗೇ ಇರ್ಬೇಕು... ಇರ್ಲೇಬೇಕು...'

ಏನಿರಬೇಕು ಎನ್ನುವುದನ್ನು ಅವಳು ಅವನಿಗೆ ಹೇಳಲಿಲ್ಲ. ನಿಮಗೆ ನಾನು ಹೇಳುತ್ತೇನೆ.

ಅವಳ ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದವರು. ಆಗಲೇ ಮುದಿಯಾಗಿದ್ದ ಈ ಕಾರೇ ಅವರ ಟ್ಯಾಕ್ಸಿ. ಮಗಳ ಪ್ರತಿ ಹುಟ್ಟುಹಬ್ಬಕ್ಕೆ ಅವಳನ್ನು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸುತ್ತಿದ್ದರು. "ಅಲುಗಾಡ್ಬೇಡ ಪೀಪಿ!" ಎಂದು ಗದರಿಸಿ, ಅವಳ ನೆತ್ತಿಯ ಮಟ್ಟಕ್ಕೆ ಕಂಬದ ತಗಡಿನ ಮೇಲೆ ಕಾರಿನ ಕೀಲಿಯಿಂದ ಒಂದು ಗೀರು ಎಳೆಯುತ್ತಿದ್ದರು. ಹುಟ್ಟಿದಾಗ ಹಾರ್ನ್ ಹೊಡೆದ ಹಾಗೆ ಅತ್ತಿದ್ದಕ್ಕೆ ಅವಳಿಗೆ ಪೀಪಿ ಎಂದು ಹೆಸರು.

"ತನ್ನ ಗಾಡಿಗೆ ತಾನೇ ಗೀರು ಹಾಕೋ ಡ್ರೈವರನ್ನ ನಾನೆಲ್ಲೂ ನೋಡಿಲ್ಲಪ್ಪಾ!" ಎಂದು ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆರರಿಂದ ಹನ್ನೊಂದರವರೆಗೆ, ಒಟ್ಟು ಆರು ಗೀರು. ಕೊನೆಯದು ಸೊಟ್ಟ. ಅಷ್ಟು ಹೊತ್ತಿಗೆ ಅಪ್ಪನ ಕೈ ನಡುಗಲು ಶುರುವಾಗಿತ್ತು. ಮುಂದಿನ ಹುಟ್ಟುಹಬ್ಬಕ್ಕೆ ಅಪ್ಪ ಇರಲಿಲ್ಲ. ಅವರು ಹೋದ ಆರು ತಿಂಗಳಲ್ಲಿ ಕಾರೂ ಇರಲಿಲ್ಲ. ಅಮ್ಮ ಮಾರಿಬಿಟ್ಟಿದ್ದಳು.

ಮನೆಯಲ್ಲಿ ಅಪ್ಪನದೆಂದು ಉಳಿದಿದ್ದು ಲೈಸೆನ್ಸಿನ ಮೇಲಿನ ಮಸುಕು ಫೋಟೋ ಒಂದೇ. ಅವರು ತಮ್ಮ ಕೈಯಾರೆ ಅವಳಿಗೆಂದು ಮಾಡಿದ್ದು ಪ್ರಪಂಚದಲ್ಲಿ ಆ ಆರು ಗೀರುಗಳು ಮಾತ್ರ. ಹದಿನೈದು ವರ್ಷದಿಂದ ಅವಳು ಅಮ್ಮನನ್ನು ಕ್ಷಮಿಸಿರಲಿಲ್ಲ. ಬಾಯಿಬಿಟ್ಟು ಹೇಳಿಯೂ ಇರಲಿಲ್ಲ.

* * *

ಅವನು ಲೇತ್ ಮಶೀನಿನಲ್ಲಿ ಕೆಲಸ ಮಾಡುವವನು. ವಾರವಿಡೀ ಯಾರ್ಯಾರದೋ ಬಿಡಿಭಾಗ ಕಡೆಯುವುದು, ಭಾನುವಾರ ತನ್ನ ಶೆಡ್ಡಿನಲ್ಲಿ ಹಳೆಯ ಕಾರುಗಳ ಜೊತೆ ಸಂಸಾರ. ಅವನ ಬಳಿ ಇದ್ದದ್ದು ಈ ಹಸಿರು ಕಾರು, ಇನ್ನೊಂದು ಕಪ್ಪು ಕಾರು, ಮತ್ತೊಂದರ ಬರೀ ಚಾಸಿ, ಅಂದರೆ ಅಡಿಯ ಚೌಕಟ್ಟು. ಹಾಗಾಗಿ ಸ್ನೇಹಿತರು ಅವನನ್ನು 'ಎರಡೂವರೆ' ಎಂದೇ ಕರೆಯುತ್ತಿದ್ದರು!

ಹಸಿರು ಕಾರಿನ ಸೀಟುಗಳು ಹರಿದು ಹತ್ತಿ ಕಕ್ಕುತ್ತಿದ್ದವು. "ನಾನು ಹೊಲಿದು ಕೊಡ್ತೀನಿ," ಎಂದಳು ಅವಳು. ಹಾಗೆ ಶುರುವಾಯಿತು ಅವಳ ಭಾನುವಾರಗಳ ಓಡಾಟ.

"ಕಾರ್ಖಾನೆಯಿಂದ ಹೊರಗೆ ಬಂದ ದಿನ ಹೇಗಿತ್ತೋ ಹಾಗೇ ಇರ್ಬೇಕು," ಎನ್ನುವುದು ಅವನ ಜಪ. ಬಾಗಿಲ ಬೀಗವನ್ನು ಹೊಸದು ಹಾಕದೆ ಬಿಟ್ಟದ್ದೂ ಅದಕ್ಕೇ, ಅಸಲಿ ಬೀಗ ಎಲ್ಲೂ ಸಿಕ್ಕಿರಲಿಲ್ಲ. ಸ್ಕ್ರೂಗಳ ತಲೆಯ ಗೀಟುಗಳು ಕೂಡ ಒಂದೇ ದಿಕ್ಕಿಗೆ ತಿರುಗಿರಬೇಕು ಅವನಿಗೆ. ಮುಂದಿನ ಮೆರವಣಿಗೆಯಲ್ಲಿ ಅಸಲಿ ಸ್ಥಿತಿಯ ಕಾರಿಗೆ ಕೊಡುವ ಕಪ್ ಗೆಲ್ಲಬೇಕು. ಈ ಕಾರು ಕೊಂಡ ದಿನದಿಂದ ಅವನ ಕನಸು ಅದು.

"ಒಂದು ಸಣ್ಣ ಗೀರು ಕಂಡ್ರೂ ನನಗೆ ನಿದ್ದೆ ಬರಲ್ಲ ಕಣ್ರೀ," ಎಂದ ಒಂದು ದಿನ.

ಅವಳ ಕೈಯ ಸೂಜಿ ನಿಂತಿತು. 'ಕೇಳಿಬಿಡ್ಲಾ? ಹೊದಿಕೆ ಬಿಚ್ಚಿ ತೋರಿಸಿ ಅಂತ? ನೋಡಿದ ಮೇಲೆ, ಅಯ್ಯೋ ಇಷ್ಟೊಂದು ಗೀರಾ, ತೆಗೀಬೇಕು ಅಂದುಬಿಟ್ರೆ?'

ಕೇಳಲಿಲ್ಲ. ಸೀಟು ಮುಗಿಯಲಿ, ಆಮೇಲೆ... ಎಂದುಕೊಂಡಳು.

ಅಷ್ಟರಲ್ಲಿ ಮನಸ್ಸು ತನ್ನ ಪಾಡಿಗೆ ತಾನು ಬೇರೆ ದಾರಿ ಹಿಡಿದಿತ್ತು. ಅವಳು ಬಗ್ಗಿ ಹೊಲಿಯುವಾಗ ಅವನು ಟಾರ್ಚ್ ಹಿಡಿದು ಕುಳಿತುಕೊಳ್ಳುತ್ತಿದ್ದ. ಬೆಳಕು ಹೊಲಿಗೆಯ ಮೇಲೆ ಬೀಳದೆ ಅವಳ ಮುಖದ ಮೇಲೆ ಬೀಳುತ್ತಿತ್ತು.

"ನಾನು ಹೊಲೀತಿರೋದು ಇಲ್ಲಿ ಕೆಳಗೆ!"

"ಹಾಂ? ಓ... ಸಾರಿ!"

ಸೀಟು ಇನ್ನೇನು ಮುಗಿಯಬೇಕು ಎನ್ನುವ ವಾರ ಅವನು ತಡವರಿಸುತ್ತಾ ಹೇಳಿದ, "ಕೆಲಸ ಮುಗಿದ ಮೇಲೆ ನಿಮಗೊಂದು ಮಾತು ಹೇಳ್ಬೇಕು."

"ಈಗಲೇ ಹೇಳಿ."

"ಈಗ ಬೇಡ. ನಿಮ್ಮ ಕೈಲಿ ಕತ್ತರಿ ಇದೆ!"

ಅವಳು ನಕ್ಕಳು. ಆ ವಾರವೆಲ್ಲ ಆ ಮಾತು ಏನೆಂದು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಓಡಾಡಿದಳು. ಪಾಪ, ಅಷ್ಟು ಸಂತೋಷವಾಗಿ ಅವಳಿದ್ದದ್ದು ಆ ಒಂದೇ ವಾರ.

* * *

ಸೀಟು ಕೂರಿಸಿದ್ದಾಯಿತು. ಅವನು ಕೈತೊಳೆದು, ಕೂದಲು ಬಾಚಿಕೊಂಡು ಬಂದು ನಿಂತಿದ್ದ.

"ನೀವು ಹೇಳೋಕೆ ಮುಂಚೆ ನಾನೊಂದು ಕೇಳ್ಲಾ?" ಎಂದು ಅವಳು ಸೀಟಿನ ಪಕ್ಕಕ್ಕೆ ಕೈತೋರಿಸಿದಳು. "ಈ ಕಂಬದ ಹೊದಿಕೆ ಬಿಚ್ಚಿ ಒಳಗೆ ನೋಡ್ಬೇಕು."

ಅವನ ಮುಖ ಅರಳಿತು. ಯಾರೂ ನೋಡದ ಜಾಗದ ಕೆಲಸವನ್ನೂ ನೋಡಬೇಕು ಎನ್ನುವ ಹುಡುಗಿ! ನಾಲ್ಕು ಸ್ಕ್ರೂ ಬಿಚ್ಚಿ ಹೊದಿಕೆ ಸರಿಸಿದ.

ನುಣುಪಾದ ಹಸಿರು ಬಣ್ಣ. ಅದರಲ್ಲಿ ಅವಳದೇ ಮುಖ ಕಾಣುತ್ತಿತ್ತು. ಬೇರೇನೂ ಇರಲಿಲ್ಲ.

"ನೋಡಿದ್ರಾ?" ಅವನು ಹೆಮ್ಮೆಯಿಂದ ಬೀಗಿದ. "ಯಾರೋ ಮಗು ಗೀಚಿ ಗೀಚಿ ಹಾಳು ಮಾಡಿತ್ತು ಈ ಜಾಗಾನ. ಮೂರು ದಿನ ಕೂತು ಉಜ್ಜಿದೀನಿ. ಈಗ ಒಂದೇ ಒಂದು ಗೀರು ಹುಡುಕಿ ನೋಡೋಣ!"

"ಎಲ್ಲಾ... ಹೋಯ್ತಾ?"

"ಒಂದೂ ಉಳಿಸಿಲ್ಲ!"

ಅವಳಿಗೆ ಅಪ್ಪ ಎರಡನೇ ಸಲ ಸತ್ತರು ಎನಿಸಿತು. ಸಾಯಿಸಿದ ಕೈ ಯಾವುದು? ತಾನು ಹಿಡಿಯಬೇಕೆಂದುಕೊಂಡಿದ್ದ ಕೈ!

"ತುಂಬಾ ಚೆನ್ನಾಗಿ ಉಜ್ಜಿದೀರಿ," ಎಂದಳು. ಅಷ್ಟೇ. ಚೀಲ ಎತ್ತಿಕೊಂಡು ಹೊರಟೇಬಿಟ್ಟಳು.

"ರೀ... ನಾನು ಹೇಳ್ಬೇಕಾಗಿದ್ದ ಮಾತು..."

"ಹೇಳ್ಬೇಡಿ! ದಯವಿಟ್ಟು ಏನೂ ಹೇಳ್ಬೇಡಿ!"

ಅವನು ಬಾಚಿದ ಕೂದಲಿನೊಂದಿಗೆ ಹಾಗೇ ನಿಂತಿದ್ದ. 'ಏನು ಹೇಳ್ತೀನಿ ಅಂತ ಗೊತ್ತಾಗೇ ಹೀಗೆ ಹೋದ್ಲು... ಅವಳಿಗೆ ಬೇಕಾಗಿದ್ದು ಕಾರು ಮಾತ್ರ. ನಾನಲ್ಲ.' ಅವನ ಲೆಕ್ಕಕ್ಕೆ ಅದೇ ಉತ್ತರ.

ಮೂರು ದಿನದ ನಂತರ ಅವಳು ಮರೆತುಹೋಗಿದ್ದ ಕತ್ತರಿ ಹಿಡಿದು ಅಂಗಡಿಗೆ ಬಂದ. ಅವಳು ಮಶೀನಿನಿಂದ ತಲೆ ಎತ್ತಲಿಲ್ಲ. "ಅಲ್ಲಿಟ್ಟು ಹೋಗಿ," ಎಂದಳು. ಅವನು ಇಟ್ಟು ಹೋದ.

ಒಬ್ಬರಾದರೂ ಬಾಯಿಬಿಟ್ಟು ಒಂದು ಮಾತು ಆಡಿದ್ದರೆ ಅಂದೇ ಮುಗಿಯುತ್ತಿತ್ತು. ಇಬ್ಬರೂ ಆಡಲಿಲ್ಲ!

* * *

"ಏನಾಗಿದೆ ನಿನಗೆ? ಎರಡು ವಾರದಿಂದ ನೋಡ್ತಿದೀನಿ. ಊಟ ಇಲ್ಲ, ಮಾತಿಲ್ಲ," ಅಮ್ಮ ಅವಳ ತಟ್ಟೆಯನ್ನು ದೂರ ಸರಿಸಿ ಎದುರು ಕುಳಿತಳು.

"ಅಪ್ಪನ ಕಾರು ಸಿಕ್ಕಿತ್ತಮ್ಮ."

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಗೀರುಗಳು ಇದ್ವಾ?"

ಅವಳು ದಂಗಾಗಿ ನೋಡಿದಳು. "ನಿನಗೆ... ನೆನಪಿದೆಯಾ?"

"ನೆನಪಿದೆಯಾ ಅಂತೀಯಲ್ಲೇ!" ಅಮ್ಮನ ದನಿ ಒಡೆಯಿತು. "ಕಾರು ಕೊಟ್ಟ ದಿನ ಆ ಸೀಟಲ್ಲಿ ಕೂತವಳು ಇಳೀಲೇ ಇಲ್ಲ ನಾನು. ಇಡೀ ಕಾರು ತಗೊಂಡು ಹೋಗಿ, ಆ ಕಂಬ ಮಾತ್ರ ಕತ್ತರಿಸಿ ಕೊಡಿ ಅಂತ ಕಾರು ಕೊಂಡ ಮನುಷ್ಯನ ಕಾಲು ಹಿಡ್ಕೊಳ್ಳೋದೊಂದು ಬಾಕಿ. ಅವನು ನಕ್ಕುಬಿಟ್ಟ. ನಿನ್ನ ಓದಿಗೆ ಬೇರೆ ದಾರಿ ಇರ್ಲಿಲ್ಲ ಕಣೇ..."

"ನನಗ್ಯಾಕೆ ಹೇಳ್ಲಿಲ್ಲಮ್ಮ?"

"ನೀನು ಕೇಳ್ಲೇ ಇಲ್ವಲ್ಲ!"

ಹದಿನೈದು ವರ್ಷದ ಅಳು ಅಂದು ಇಬ್ಬರಿಗೂ ಒಟ್ಟಿಗೇ ಬಂತು. ಅತ್ತು ಮುಗಿದ ಮೇಲೆ ಅವಳು ಅವನ ವಿಷಯವನ್ನೂ ಹೇಳಿದಳು. ಉಜ್ಜಿದ್ದು, ಬೀಗಿದ್ದು, ಅವನ ಮಾತನ್ನು ಅರ್ಧಕ್ಕೇ ತಡೆದು ತಾನು ಎದ್ದು ಬಂದದ್ದು.

"ಅವನಿಗೆ ಗೀರು ಯಾರದ್ದು ಅಂತ ಹೇಳಿದ್ಯಾ?"

ಅವಳು ತಲೆ ತಗ್ಗಿಸಿದಳು.

"ಬಾಯಿಬಿಡದೆ ಎಲ್ಲಾ ಒಳಗೇ ಇಟ್ಕೊಳ್ಳೋದ್ರಲ್ಲಿ ಅಪ್ಪನ ಮಗಳೇ ಸರಿ ನೀನು!" ಅಮ್ಮ ಎದ್ದು ಬೀರುವಿನತ್ತ ಹೋದಳು.

ಮರುದಿನ ಅಮ್ಮ ಒಬ್ಬಳೇ ಎಲ್ಲಿಗೋ ಹೋಗಿ ಬಂದಳು. ಎಲ್ಲಿಗೆಂದು ಹೇಳಲಿಲ್ಲ.

* * *

ಮತ್ತೆ ಮೆರವಣಿಗೆಯ ದಿನ ಬಂತು. ಅವಳು ಬರುವುದಿಲ್ಲ ಎಂದಳು. "ಬಾಯಿ ಮುಚ್ಕೊಂಡು ಬಾ," ಎಂದು ಅಮ್ಮ ಕೈಹಿಡಿದು ಎಳೆದುಕೊಂಡೇ ಹೋದಳು.

ಹಸಿರು ಕಾರು ಬಂತು. ಅವಳು ಮುಖ ತಿರುಗಿಸಿದಳು. ಕಾರು ಅವಳ ಮುಂದೆಯೇ ನಿಂತಿತು. ಹಿಂದಿನವರೆಲ್ಲ ಮತ್ತೆ ಹಾರ್ನ್ ಶುರು ಮಾಡಿದರು!

ಅವನು ಇಳಿದು ಬಂದ. ಸೊರಗಿದ್ದ. ಬೆರಳುಗಳ ತುಂಬಾ ಗಾಯ.

"ಹಿಂದಿನ ಬಾಗಿಲು ನನಗೆ ಇವತ್ತಿಗೂ ಬರಲ್ಲ," ಎಂದ ಮೆಲ್ಲಗೆ. "ನೀವೇ ತೆಗೀಬೇಕು."

"ನಾನ್ಯಾಕೆ..."

"ಒಂದೇ ಒಂದ್ಸಲ. ಆಮೇಲೆ ಇಳಿದು ಹೋಗಿ, ನಾನು ತಡೆಯಲ್ಲ."

ಅಮ್ಮ ಬೆನ್ನಿಗೆ ಒಂದು ತಿವಿದಳು. ಅವಳು ಹಿಡಿ ಎತ್ತಿ, ಮೊಣಕಾಲಿನಿಂದ ಗುದ್ದಿದಳು. ಟಕ್!

ಕಂಬದ ಮೇಲೆ ಹೊದಿಕೆ ಇರಲಿಲ್ಲ. ಬಣ್ಣವೂ ಇರಲಿಲ್ಲ. ಬರೀ ಬೂದು ಬಣ್ಣದ ತಗಡು. ಆ ತಗಡಿನ ಮೇಲೆ...

ಒಂದು, ಎರಡು, ಮೂರು... ಆರು! ಆರನೆಯದು ಸೊಟ್ಟ!

ಅವಳು ಸೀಟಿನ ಮೇಲೆ ಕುಸಿದು ಕುಳಿತಳು. "ಇದು... ನೀವು ಉಜ್ಜಿಬಿಟ್ಟಿದ್ರಲ್ಲ!"

"ನಾನು ಉಜ್ಜಿದ್ದು ಮೇಲೆ ಮೆತ್ತಿದ್ದ ಪುಟ್ಟಿ ಪೇಸ್ಟನ್ನ. ಗೀರು ಆಳ ಇದ್ದಿದ್ರಿಂದ ಪುಟ್ಟಿ ತುಂಬಿ, ಅದನ್ನ ನುಣುಪು ಮಾಡಿ ಬಣ್ಣ ಹೊಡೆದಿದ್ದೆ. ಅವು ಅಡಿಯಲ್ಲೇ ಇದ್ವು. ನಿಮ್ಮಮ್ಮ ಬಂದು ಹೇಳೋವರೆಗೂ ನನಗೇನು ಗೊತ್ತಿತ್ತು ಹೇಳಿ? ಗೊತ್ತಾದ್ಮೇಲೆ ಮಶೀನು ಹಚ್ಚೋಕೆ ಭಯ ಆಯ್ತು, ಎಲ್ಲಿ ಗೀರೂ ಹೋಗುತ್ತೋ ಅಂತ. ನೀರು ಹಾಕಿ ಹಾಕಿ ಕೈಯಲ್ಲೇ ತೆಗೆದೆ."

"ಮತ್ತೆ ಆ ಕಪ್? ತೀರ್ಪುಗಾರರು?"

"ಅರ್ಧ ಬೋಳಾದ ಕಾರಿಗೆ ಯಾರು ಕೊಡ್ತಾರೆ ಕಪ್! ಹೆಸರು ವಾಪಸ್ ತಗೊಂಡೆ," ಅವನು ನಗಲು ನೋಡಿದ, ಆಗಲಿಲ್ಲ. "ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಇರ್ಬೇಕು ಅಂತಿದ್ನಲ್ಲ... ಆ ದಿನ ಇದರಲ್ಲಿ ನೀವೇ ಇರ್ಲಿಲ್ಲ. ಅಂಥ ಕಾರು ಇಟ್ಕೊಂಡು ನಾನೇನ್ ಮಾಡ್ಲಿ?"

ಅವಳು ಗೀರುಗಳನ್ನು ಒಂದೊಂದಾಗಿ ಮುಟ್ಟಿದಳು. ಕಣ್ಣೀರು ಧಾರೆಯಾಗಿ ಹರಿಯುತ್ತಿತ್ತು. "ಅವತ್ತು ಏನೋ ಹೇಳ್ಬೇಕು ಅಂದಿದ್ರಿ..."

ಅವನು ಜೇಬಿನಿಂದ ಏನೋ ತೆಗೆದ. ತುಕ್ಕು ಹಿಡಿದ, ತುದಿ ಸವೆದ ಒಂದು ಕೀಲಿ!

"ಇದು..."

"ಎರಡು ಕೀಲಿ ಇತ್ತು, ಒಂದನ್ನ ಬಚ್ಚಿಟ್ಕೊಂಡಿದ್ದೆ," ಹೊರಗಿನಿಂದ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು. "ಗೀರು ಎಳೀತಿದ್ದಿದ್ದು ಇದರಲ್ಲೇ."

ಅವನು ಪಕ್ಕಕ್ಕೆ ಬಂದು ಮಂಡಿಯೂರಿದ. "ನೆಟ್ಟಗೆ ಕೂತ್ಕೊಳ್ಳಿ. ನಾನು ಹೇಳ್ಬೇಕಾಗಿದ್ದು ಬರೀಬಹುದಾ ಇಲ್ಲಿ?"

ಅವಳಿಗೆ ಅರ್ಥವಾಯಿತು. ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ, ಹನ್ನೊಂದು ವರ್ಷದವಳ ಹಾಗೆ ಕುಳಿತಳು.

"ಅಲುಗಾಡ್ಬೇಡ... ಪೀಪಿ."

ಆ ಹೆಸರು ಕೇಳಿ ಅವಳು ಕಣ್ಣಂಚಿನಲ್ಲೇ ಅಮ್ಮನತ್ತ ನೋಡಿದಳು; ಹೇಳಿಕೊಟ್ಟದ್ದು ಅಮ್ಮನೇ. "ನಿನ್ನ ಕೈಯೇ ನಡುಗ್ತಿದೆ," ಎಂದಳು. ಬಹುವಚನ ಯಾವಾಗ ಜಾರಿತೋ ಇಬ್ಬರಿಗೂ ತಿಳಿಯಲಿಲ್ಲ.

"ಬೇಕಂತ ಕಾರಿಗೆ ಗೀರು ಹಾಕ್ತಿರೋದು ಇದೇ ಮೊದಲು ಕಣೇ!"

ಕರ್ರ್... ಏಳನೆಯ ಗೀರು ಅವಳ ನೆತ್ತಿಯ ಪಕ್ಕದಲ್ಲಿ ಮೂಡಿತು. ಅವಳು ತಿರುಗಿ ನೋಡಿದಳು.

"ಸೊಟ್ಟ ಆಗಿದೆ."

"ಮುಂದಿನ ವರ್ಷ ನೆಟ್ಟಗೆ ಎಳೀತೀನಿ."

"ಮುಂದಿನ ವರ್ಷಾನೂ ನಾನು ಇಷ್ಟೇ ಎತ್ತರ ಇರ್ತೀನಿ ಕಣೋ, ಪೆದ್ದ."

"ಗೊತ್ತು," ಅವನು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ಅದೇ ಗೀರಿನ ಮೇಲೆ ಮತ್ತೆ ಎಳೀತೀನಿ. ಪ್ರತಿ ವರ್ಷ."