ವಾಟುಸೆಕಾದ ಮೂರು ಆಡುಗಳು

ಸೆಪ್ಟೆಂಬರ್ ಹನ್ನೆರಡರ ಬೆಳಿಗ್ಗೆ ಎಮೋಸಿ ಒದ್ದೆ ಬಟ್ಟೆಯಲ್ಲೇ ನಸೋಲೊ ಠಾಣೆಗೆ ಬಂದು ದೂರು ಕೊಟ್ಟ. ವಾಟುಸೆಕಾ ದ್ವೀಪಕ್ಕೆ ಯಾರೋ ಮತ್ತೆ ಆಡು ಬಿಟ್ಟಿದ್ದಾರೆ.

ಇನ್ಸ್‌ಪೆಕ್ಟರ್ ಸಲೋಟೆ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. ಈ ಕಡಲಲ್ಲಿ ಜುಟ್ಟಿನ ಇಗ್ವಾನಾ ಓತಿಗಳಿಗೆ ಉಳಿದಿರುವ ಕಾಡು ಅದೊಂದೇ. ಹಿಂದೆ ಆಡುಗಳು ಅದನ್ನು ಮೇಯ್ದು ಬೋಳು ಮಾಡಿದ್ದವು. ಅವನ್ನೆಲ್ಲ ಹಿಡಿದು ತಂದು, ಸಸಿ ಬೆಳೆಸಿ, ಹದಿನೈದು ವರ್ಷ ಕಾವಲಿದ್ದವನು ಎಮೋಸಿಯೇ. ಇಗ್ವಾನಾಗಳು ಹೆಚ್ಚಿದವು ಎಂದು ರಾಜಧಾನಿ ಸುವಾದ ಸಂರಕ್ಷಣಾ ಕಚೇರಿಯವರು ಏಪ್ರಿಲ್‌ನಲ್ಲಿ ಅವನಿಗೆ ಹಾರ ಹಾಕಿ, ಊರಿಗೆಲ್ಲ ಊಟ ಹಾಕಿಸಿ ಕೈತೊಳೆದುಕೊಂಡಿದ್ದರು.

"ಯಾರ ಮೇಲೆ ಅನುಮಾನ, ಮಾವ?" ಎಂದಳು ಸಲೋಟೆ. ಎಮೋಸಿ ಅವಳ ತಾಯಿಯ ಊರಿನವನು, ವರಸೆಯಲ್ಲಿ ಸೋದರಮಾವ.

"ವಿಹಾರಕ್ಕೆ ಬರೋ ದೋಣಿಯವರು ಇರ್ಬೇಕು. ಮಾಂಸಕ್ಕೆ ಅಂತ."

"ಎಷ್ಟು ಆಡು?"

"ಲೆಕ್ಕ ಸಿಗ್ಲಿಲ್ಲ."

ಎಫ್‌ಐಆರ್ ಬರೆಯುತ್ತಿದ್ದ ಕಾನ್‌ಸ್ಟೆಬಲ್ ರಾಮ್‌ಸಮುಜ್ ತಲೆ ಎತ್ತಿದ. "ಅವ್ರು ಫ್ರಿಜ್ಜಲ್ಲಿ ಮಾಂಸ ಇಟ್ಕೊಂಡು ಬರೋರು. ಆಡಿಗೆ ಹುಲ್ಲು ಹಾಕ್ಕೊಂಡು ಸಮುದ್ರ ಸುತ್ತೋ ಹುಚ್ಚ ಯಾರು ದೊಡ್ಡಪ್ಪ?"

ಎಮೋಸಿ ಅಂಗಿಯ ತುದಿಯ ನೀರು ಹಿಂಡತೊಡಗಿದ.

ಹನ್ನೊಂದು ಗಂಟೆಗೆ ಪೊಲೀಸ್ ದೋಣಿ ದ್ವೀಪ ಮುಟ್ಟಿತು. ಅಲ್ಲಿ ಕಾಲಿಡುವ ಮುನ್ನ ಯಾರೇ ಆದರೂ ದಡದ ಬಂಡೆಯ ಮೇಲೆ ಅರೆದು ಕುಡಿಯುವ ಯಂಗೋನ ಗಿಡದ ಬೇರು ಒಂದು ಹಿಡಿ ಇಟ್ಟು ದ್ವೀಪದ ಅಪ್ಪಣೆ ಕೇಳಬೇಕು. ಸಲೋಟೆ ತನ್ನ ಪಾಲಿನದನ್ನು ಇಡಲು ಬಗ್ಗಿದಳು. ಬಂಡೆಯ ಮೇಲೆ ಆಗಲೇ ಯಂಗೋನ ಇತ್ತು. ಒಂದು ಹಿಡಿಯಲ್ಲ, ಬುಡಸಮೇತ ಇಡೀ ಗಿಡ.

"ಇದು ಒಳಗೆ ಬರೋಕೆ ಕೇಳಿರೋದಲ್ಲ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ ಅಂತ ಇಟ್ಟಿರೋದು," ಎಂದಳು ಅವಳು.

"ದೋಣಿಯವ್ರು ಈ ಪದ್ಧತೀನೂ ಕಲಿತುಬಿಟ್ರಾ ಮೇಡಮ್?" ಎಂದ ರಾಮ್‌ಸಮುಜ್.

"ಪಂಚನಾಮೆ ಬರಿ. ಬಾಯಿ ಮುಚ್ಚು."

ಒಳಗೆ ಸಸಿಗಳ ತುದಿ ಒಂದೂ ಉಳಿದಿರಲಿಲ್ಲ. ಕೊಂಬೆಯ ಮೇಲಿದ್ದ ಇಗ್ವಾನಾ ಸಿಟ್ಟಿಗೆ ಮೈಯೆಲ್ಲ ಕಪ್ಪಾಗಿಸಿಕೊಂಡು ಬಾಯಿ ತೆರೆದು ನಿಂತಿತ್ತು. ಮಧ್ಯಾಹ್ನದೊಳಗೆ ಎರಡು ಹೋತ ಸಿಕ್ಕವು. ಎರಡರ ಕೊರಳಲ್ಲೂ ಜಗಿದು ತುಂಡಾದ ಹಗ್ಗ. ಒಂದು ಹೆಣ್ಣಾಡೇನಾದರೂ ಉಳಿದಿದ್ದು, ಅದು ಗಬ್ಬವಾಗಿದ್ದರೆ ಹದಿನೈದು ವರ್ಷದ ಕೆಲಸ ನೀರುಪಾಲು.

ನಾಲ್ಕು ಗಂಟೆಗೆ ಅವಳು ಬಂಡೆಯ ಮೇಲಿದ್ದ ಆ ಯಂಗೋನ ಗಿಡವನ್ನು ಹೆಗಲ ಮೇಲೆ ಹೊತ್ತು ನೇರ ಎಮೋಸಿಯ ತೋಟಕ್ಕೆ ನಡೆದಳು. ಮರಗೆಣಸಿನ ಸಾಲಿನ ಹಿಂದೆ ಹೊಸ ಗುಂಡಿ ಇತ್ತು. ಮಣ್ಣಿನಲ್ಲಿ ಉಳಿದಿದ್ದ ಮುರಿದ ಬೇರಿಗೆ ಗಿಡದ ಬೇರು ಹಿಡಿದಳು. ಕೂಡಿತು. ಎಮೋಸಿ ಹಿಂದೆಯೇ ಬಂದು ನಿಂತಿದ್ದ.

"ದೂರು ಕೊಟ್ಟೋರೂ ನೀವೇ, ಆಡು ಬಿಟ್ಟೋರೂ ನೀವೇ. ಎಷ್ಟು ಬಿಟ್ರಿ?"

"ಸುವಾದವರು ವಾಪಸ್ ಬರ್ಲಿ, ಅವರಿಗೆ ಹೇಳ್ತೀನಿ."

"ನಾನು ಚಿಕ್ಕವಳಿದ್ದಾಗ ಅಲ್ಲಿಗೆ ಕರ್ಕೊಂಡು ಹೋಗಿ, ಜೋರಾಗಿ ಉಸಿರು ಬಿಡ್ಬೇಡ, ಇಗ್ವಾನಾ ಹೆದರುತ್ತೆ ಅಂದೋರು ಯಾರು? ನಾಚ್ಕೆ ಆಗಲ್ವಾ ನಿಮ್ಗೆ? ಎಷ್ಟು?"

ಎಮೋಸಿ ಗುಂಡಿಯ ಅಂಚಿನಲ್ಲಿ ಕೂತ.

"ಮೂರು. ಒಂದು ಗಬ್ಬ. ಸಸಿ ಎಟುಕದ ಹಾಗೆ ಕಟ್ಟಿದ್ದೆ ಕಣೇ. ಅವರ ಕಣ್ಣಿಗೆ ಬಿದ್ರೆ ಸಾಕಿತ್ತು. ಹಗ್ಗ ಕಡಿಯುತ್ತೆ ಅಂತ ಹೊಳೀಲಿಲ್ಲ."

"ಆಡು ಹಗ್ಗ ಕಡಿಯುತ್ತೆ ಅಂತ ನಿಮ್ಗೆ ಗೊತ್ತಿರ್ಲಿಲ್ಲ," ಎಂದು ಸಲೋಟೆ ಹಲ್ಲು ಕಚ್ಚಿದಳು. "ಸಂಬಳಕ್ಕಾ ಇದೆಲ್ಲ?"

"ಸಂಬಳ ಯಾರಿಗೆ ಬೇಕು? ಅಪಾಯ ಇಲ್ಲ, ಇನ್ನು ಕಾವಲು ಬೇಡ ಅಂದ್ರು. ಆಮೇಲೆ, ಪರವಾನಗಿ ಇಲ್ದೆ ನೀನೂ ದ್ವೀಪಕ್ಕೆ ಬರಂಗಿಲ್ಲ ಅಂದ್ರು. ನಂಗೆ, ಸಲೋಟೆ. ಅಪಾಯ ಇದ್ರೆ ತಾನೇ ಕರೀತಾರೆ?"

ಐದೂವರೆಗೆ ಅವನನ್ನು ಬಂಧಿಸಲಾಯಿತು.

ಮರುದಿನವೆಲ್ಲ ಹುಡುಕಿದರೂ ಮೂರನೆಯ ಆಡು ಸಿಗಲಿಲ್ಲ. ದ್ವೀಪದ ಬಡಗಣ ಬಂಡೆಗಳ ಸಂದಿಗೊಂದಿ ಬಲ್ಲವನು ಆರೋಪಿ ಒಬ್ಬನೇ. ಸಲೋಟೆ ಸುವಾಗೆ ಫೋನ್ ಮಾಡಿ ಕಚೇರಿಯವರನ್ನು ಬಾಯಿಗೆ ಬಂದಂತೆ ಬೈದು, ಹದಿನಾಲ್ಕರ ಬೆಳಿಗ್ಗೆ ಅವನನ್ನು ಕೈಕೋಳದಲ್ಲೇ ದೋಣಿ ಹತ್ತಿಸಿದಳು. ದ್ವೀಪ ಕಂಡ ಕೂಡಲೇ ಎಮೋಸಿ ಎದ್ದು ಮುಂದಿನ ತುದಿಗೆ ಹೋಗಿ ನಿಂತ. ಹಬ್ಬಕ್ಕೆ ಮನೆಗೆ ಹೊರಟವನ ಮುಖ ಅದು. ಸಲೋಟೆಗೆ ಅದನ್ನು ನೋಡಲಾಗಲಿಲ್ಲ. ಎಂಜಿನ್ ಕಡೆ ತಿರುಗಿ ಕೂತಳು.